ಕುದುರೆಗೆ ಈಜು ಕಲಿಸುವ ಮುನ್ನ: ದಾವಣಗೆರೆ, ಚಿತ್ರದುರ್ಗದಲ್ಲಿ ಕುದುರೆ ಸಾಕುವವರಿಗೆ ಸಮಗ್ರ ಮಾರ್ಗದರ್ಶಿ

ಮದುವೆ ಸೀಸನ್ ಬಂತೆಂದರೆ ದಾವಣಗೆರೆಯ ಮೆರವಣಿಗೆ ಕುದುರೆಗಳು ಗಂಟೆಗಟ್ಟಲೆ ಕಾಂಕ್ರೀಟ್ ರಸ್ತೆಯ ಮೇಲೆ ನಿಲ್ಲುತ್ತವೆ, ಕುಣಿಯುತ್ತವೆ. ಚಿತ್ರದುರ್ಗದ ಕಡೆ ನೆಲವೇ ಕಲ್ಲು. ಎರಡೂ ಕಡೆ ಮೊದಲು ಸೋಲುವುದು ಕಾಲು. ಮೊಣಕಾಲು ಊದುತ್ತದೆ, ಹಿಂಗಾಲಿನ ನರ ಹಿಡಿಯುತ್ತದೆ, ಗೊರಸು ಸೀಳುತ್ತದೆ. ಆಗ ಯಾರಾದರೂ ಹೇಳೇ ಹೇಳುತ್ತಾರೆ: "ಕೆರೆಗೆ ಇಳಿಸಿ ಈಜಾಡಿಸಿ, ಸರಿಹೋಗುತ್ತದೆ."

ಆ ಮಾತಿನಲ್ಲಿ ಅರ್ಧ ನಿಜ ಇದೆ. ನೀರಿನಲ್ಲಿ ಕಾಲಿನ ಮೇಲೆ ಭಾರ ಬೀಳುವುದಿಲ್ಲ, ಹಾಗಾಗಿ ಕಾಲಿಗೆ ಬಿಡುವು ಸಿಗುತ್ತದೆ. ಆದರೆ ಅದೇ ಹೊತ್ತಿನಲ್ಲಿ ಹೃದಯ ಮತ್ತು ಶ್ವಾಸಕೋಶ ಗಟ್ಟಿಯಾಗಿ ದುಡಿಯುತ್ತವೆ. ಈಜನ್ನು ವಿಶ್ರಾಂತಿ ಎಂದುಕೊಂಡು ಅರ್ಧ ಗಂಟೆ ನೀರಿನಲ್ಲಿ ಬಿಟ್ಟರೆ ಕುದುರೆ ಮುಳುಗಬಹುದು. ಅದಕ್ಕೇ ಕುದುರೆಯ ಮೈಯೊಳಗೆ ಏನಾಗುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ಅದು ಗೊತ್ತಿದ್ದರೆ ಮುಂದಿನ ಹೆಜ್ಜೆಗಳೆಲ್ಲ ತಾನಾಗಿ ಅರ್ಥವಾಗುತ್ತವೆ.

ನೀರಿನಲ್ಲಿ ಕುದುರೆಯ ಮೈ ಹೇಗೆ ಕೆಲಸ ಮಾಡುತ್ತದೆ

ಸುಮ್ನೆ ನಿಂತಿರುವ ಆರೋಗ್ಯವಂತ ಕುದುರೆಯ ಹೃದಯ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ. ಪೂರ್ತಿ ವೇಗದಲ್ಲಿ ಓಡುವಾಗ 220 ಮುಟ್ಟುವುದುಂಟು. ಈಜುವಾಗ ಸಾಮಾನ್ಯವಾಗಿ 140ರಿಂದ 180ರ ನಡುವೆ ಇರುತ್ತದೆ. ಹೆದರಿ ಹೊಡೆದಾಡುವ ಕುದುರೆಯಲ್ಲಿ 200ರ ಹತ್ತಿರಕ್ಕೂ ಹೋಗುತ್ತದೆ. ದಡದಲ್ಲಿ ನಿಂತು ನೋಡಿದರೆ ಕುದುರೆ ಆರಾಮಾಗಿ ತೇಲುತ್ತಿದೆ ಅನ್ನಿಸುತ್ತದೆ. ಒಳಗೆ ಮಾತ್ರ ಒಳ್ಳೆಯ ಓಟದಷ್ಟೇ ಕೆಲಸ ನಡೆದಿರುತ್ತದೆ.

ಶ್ರಮ ಶುರುವಾದ ಕೂಡಲೇ ಕುದುರೆಯ ಗುಲ್ಮ (ಹೊಟ್ಟೆಯೊಳಗೆ ರಕ್ತ ಕೂಡಿಡುವ ಅಂಗ, ಸ್ಪ್ಲೀನ್) ಹಿಂಡಿಕೊಂಡು, ತಾನು ಕೂಡಿಟ್ಟಿದ್ದ ಕೆಂಪು ರಕ್ತಕಣಗಳನ್ನು ರಕ್ತಕ್ಕೆ ಬಿಡುತ್ತದೆ. ಸುಮ್ನೆ ನಿಂತಾಗ ರಕ್ತದಲ್ಲಿ ಶೇ. 35-40ರಷ್ಟಿರುವ ಕಣಗಳ ಪಾಲು ಜೋರು ಶ್ರಮದಲ್ಲಿ ಶೇ. 60ರ ಹತ್ತಿರಕ್ಕೆ ಏರುತ್ತದೆ. ಆಮ್ಲಜನಕ ಸಾಗಿಸುವ ಶಕ್ತಿ ಇದರಿಂದ ಹೆಚ್ಚುತ್ತದೆ. ಆದರೆ ರಕ್ತ ದಪ್ಪವಾಗುವುದರಿಂದ ಹೃದಯಕ್ಕೆ ತಳ್ಳುವ ಕೆಲಸವೂ ಜಾಸ್ತಿ.

ಇನ್ನು ಉಸಿರು. ಈಜಿನ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಕುದುರೆ ನಮ್ಮ ಹಾಗೆ ಬಾಯಿಂದ ಉಸಿರಾಡಲಾರದು, ಮೂಗೊಂದೇ ದಾರಿ. ನೆಲದ ಮೇಲೆ ನಾಗಾಲೋಟದಲ್ಲಿ ಓಡುವಾಗ ಒಂದು ನೆಗೆತಕ್ಕೆ ಒಂದು ಉಸಿರು, ಅಷ್ಟು ಕಟ್ಟುನಿಟ್ಟಿನ ತಾಳ ಇರುತ್ತದೆ. ನಿಮಿಷಕ್ಕೆ 120ರ ಆಸುಪಾಸು ಉಸಿರು ಆಗುತ್ತದೆ. ನೀರಿನಲ್ಲಿ ಆ ತಾಳ ಕಡಿದುಹೋಗುತ್ತದೆ. ಹೃದಯ 160 ಬಡಿಯುತ್ತಿದ್ದರೂ ಉಸಿರು ನಿಮಿಷಕ್ಕೆ 25-30ರ ಹತ್ತಿರ ಇರುತ್ತದೆ.

ಕಾರಣ ನೀರಿನ ಒತ್ತಡ. ಒಂದು ಅಡಿ ಆಳಕ್ಕೆ ಸುಮಾರು 22 ಮಿಲಿಮೀಟರ್ ಪಾದರಸದಷ್ಟು ಒತ್ತಡ ಎದೆಗೂಡನ್ನು ಸುತ್ತಲಿಂದ ಅದುಮುತ್ತದೆ. ಎದೆಗೆ ಪಂಚೆ ಬಿಗಿದು ಕಟ್ಟಿ ಓಡು ಎಂದರೆ ನಮಗೆ ಹೇಗಾಗುತ್ತದೋ ಹಾಗೆ. ಆದ್ದರಿಂದ ಕುದುರೆ ಗಾಳಿಯನ್ನು ಬೇಗ ಒಳಗೆ ಎಳೆದುಕೊಂಡು, ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಎದೆ ತುಂಬ ಗಾಳಿ ಇದ್ದರೆ ತೇಲುವುದಕ್ಕೂ ಅನುಕೂಲ. ಆಮೇಲೆ ಮೂಗಿನ ಹೊಳ್ಳೆ ಅರಳಿಸಿ "ಫುರ್ರ್" ಎಂದು ಜೋರಾಗಿ ಹೊರಗೆ ಬಿಡುತ್ತದೆ. ಈ ಸದ್ದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಉಸಿರು ಕಡಿಮೆ, ಶ್ರಮ ಜಾಸ್ತಿ. ಹಾಗಾಗಿ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ನೀರು ಕಾಲು, ಹೊಟ್ಟೆಗಳನ್ನು ಒತ್ತಿ ರಕ್ತವನ್ನು ಎದೆಯ ಕಡೆಗೆ ತಳ್ಳುತ್ತದೆ, ರಕ್ತದೊತ್ತಡವೂ ಹೆಚ್ಚುತ್ತದೆ. ಓಡಿದ ಮೇಲೆ ಮೂಗಿನಲ್ಲಿ ರಕ್ತ ಬರುವ ಕುದುರೆಯನ್ನು ಈಜಿಗೆ ಇಳಿಸಬಾರದು ಎನ್ನುವುದು ಇದಕ್ಕೇ.

ಕಾಲುಗಳ ಕೆಲಸ ಹಂಚಿಹೋಗಿರುತ್ತದೆ. ಮುಂಗಾಲು ಮುಖ್ಯವಾಗಿ ಸಮತೋಲಕ್ಕೆ, ಹಿಂಗಾಲು ಒದ್ದು ಮುಂದೆ ತಳ್ಳುವುದಕ್ಕೆ. ಮೂಗು ನೀರಿನ ಮೇಲಿರಲಿ ಎಂದು ಕುದುರೆ ತಲೆ, ಕತ್ತು ಎತ್ತಿ ಹಿಡಿಯುತ್ತದೆ. ಆಗ ಬೆನ್ನು ಕೆಳಕ್ಕೆ ಬಾಗುತ್ತದೆ. ಬೆನ್ನುನೋವು, ಸೊಂಟದ ನೋವು, ಹಿಂಗಾಲಿನ ಕೀಲಿನ ತೊಂದರೆ ಇರುವ ಕುದುರೆಗೆ ಈಜು ನೋವನ್ನು ಹೆಚ್ಚಿಸುವುದು ಈ ಭಂಗಿಯಿಂದ. ಮುಂಗಾಲಿನ ನೋವಿಗೆ ಕೆಲಸಕ್ಕೆ ಬರುವ ಉಪಾಯ ಹಿಂಗಾಲಿನ ನೋವಿಗೆ ಬರಲೇಬೇಕೆಂದಿಲ್ಲ.

ಮೂಳೆಯದು ಬೇರೆಯೇ ಕಥೆ. ಭಾರ ಬಿದ್ದಷ್ಟೂ ಮೂಳೆ ಗಟ್ಟಿಯಾಗುತ್ತದೆ. ನೀರಿನಲ್ಲಿ ಭಾರವೇ ಇಲ್ಲ. ತಿಂಗಳುಗಟ್ಟಲೆ ಬರೀ ಈಜಿಸಿದ ಕುದುರೆಯ ಹೃದಯ ಓಟಕ್ಕೆ ತಯಾರಾಗಿರುತ್ತದೆ, ಮೂಳೆ ತಯಾರಾಗಿರುವುದಿಲ್ಲ. ಅಂಥ ಕುದುರೆಯನ್ನು ನೇರವಾಗಿ ಡಾಂಬರು ರಸ್ತೆಗೆ ಬಿಟ್ಟರೆ ಕಾಲು ಮುರಿದುಕೊಳ್ಳಬಹುದು. 1990ರ ದಶಕದಲ್ಲಿ ಜಪಾನಿನ ಸಂಶೋಧಕರು ಎಳೆಯ ರೇಸ್ ಕುದುರೆಗಳಿಗೆ ಓಟದ ಜತೆ ಈಜನ್ನೂ ಸೇರಿಸಿ ನೋಡಿದರು, ಕಾಲಿನ ತೊಂದರೆಗಳು ಕಡಿಮೆಯಾದವು. ಅಲ್ಲಿ ಗಮನಿಸಬೇಕಾದದ್ದು ಓಟವನ್ನು ಅವರು ಬಿಡಲಿಲ್ಲ ಎನ್ನುವುದನ್ನು.

ಹೆಜ್ಜೆ 1: ನಿಮ್ಮ ಕುದುರೆ ಈಜಬಹುದೇ?

ಪಶುವೈದ್ಯರಿಗೆ ತೋರಿಸದೆ ಶುರು ಮಾಡಬೇಡಿ. ಹೃದಯ ಮತ್ತು ಶ್ವಾಸಕೋಶದ ಸದ್ದು ಕೇಳಿಸಿ, ಕುಂಟುವ ಕುದುರೆಯಾದರೆ ಯಾವ ಕಾಲು, ಯಾವ ಜಾಗ ಎಂದು ಖಚಿತ ಮಾಡಿಕೊಳ್ಳಿ. ಕೆಮ್ಮು, ಜ್ವರ, ಮೂಗಿನಿಂದ ರಕ್ತ, ಆರದ ಗಾಯ, ಬೆನ್ನುನೋವು ಇವುಗಳಲ್ಲಿ ಒಂದಿದ್ದರೂ ಬೇಡ. ಗಬ್ಬದ ಕುದುರೆಯೂ ಬೇಡ.

ಎರಡು ಮಾತು ಒತ್ತಿ ಹೇಳಬೇಕು. ಕುದುರೆಗೆ ಧನುರ್ವಾಯು ಬಹಳ ಬೇಗ ಹಿಡಿಯುತ್ತದೆ. ಕೆರೆಯ ತಳದಲ್ಲಿ ಗಾಜು, ಮುಳ್ಳು, ತಂತಿ ಇದ್ದೇ ಇರುತ್ತದೆ. ಹಾಗಾಗಿ ಧನುರ್ವಾಯು ಲಸಿಕೆ ಆಗಿರಲೇಬೇಕು. ಇನ್ನೊಂದು ಗ್ಲಾಂಡರ್ಸ್ ಎಂಬ ಅಂಟುರೋಗ. ಮೂಗು ಸೋರುವ, ಮೈಮೇಲೆ ಗಂಟು ಹುಣ್ಣು ಇರುವ ಕುದುರೆಯನ್ನು ಬೇರೆ ಕುದುರೆಗಳು ಬಳಸುವ ನೀರಿಗೆ ತರಬೇಡಿ. ಅದು ಮನುಷ್ಯರಿಗೂ ಹರಡುವ ರೋಗ, ಅನುಮಾನ ಬಂದರೆ ಪಶು ಇಲಾಖೆಗೆ ತಿಳಿಸಬೇಕು.

ಹೆಜ್ಜೆ 2: ನೀರು ಆರಿಸುವುದು

ದೊಡ್ಡ ರೇಸ್ ಕೋರ್ಸ್‌ಗಳಲ್ಲಿ ಕುದುರೆಗೆಂದೇ ಇಳಿಜಾರು ಇರುವ ಕೊಳ ಕಟ್ಟಿರುತ್ತಾರೆ. ನಮಗೆ ಸಿಗುವುದು ಕೆರೆ, ಹೊಳೆ, ನಾಲೆ, ಹೊಂಡ. ಇವುಗಳಲ್ಲಿ ಹೆಚ್ಚಿನವು ಕುದುರೆಗೆ ಆಗಿಬರುವುದಿಲ್ಲ.

ಭದ್ರಾ ನಾಲೆಯಲ್ಲಿ ಇಳಿಸಲೇಬೇಡಿ. ಸಿಮೆಂಟ್ ಹಾಕಿದ ಕಡಿದಾದ ಗೋಡೆ, ಮೇಲಾಗಿ ಸೆಳವು. ಬಿದ್ದ ಎತ್ತು, ಎಮ್ಮೆಯೇ ಅಲ್ಲಿಂದ ಹತ್ತಿ ಬರಲು ಒದ್ದಾಡುತ್ತವೆ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡ ಅದಕ್ಕಿಂತ ಕೆಟ್ಟದ್ದು. ನೀರು ನಿಂತಿರುತ್ತದೆ, ಹತ್ತಿರದಲ್ಲೇ ಇರುತ್ತದೆ, ಸುರಕ್ಷಿತ ಅನ್ನಿಸುತ್ತದೆ ಅಲ್ವಾ? ಆದರೆ ಒದ್ದೆ ಹಾಳೆಯ ಮೇಲೆ ಗೊರಸು ನಿಲ್ಲುವುದೇ ಇಲ್ಲ. ಹತ್ತಲು ನೋಡಿ ನೋಡಿ ಸುಸ್ತಾಗಿಯೇ ಕುದುರೆ ಮುಳುಗುತ್ತದೆ. ಚಿತ್ರದುರ್ಗದ ಸುತ್ತಲಿನ ಕಲ್ಲು ಕ್ವಾರಿ ಹೊಂಡಗಳಿಗೂ ಇದೇ ಮಾತು. ಹಳೇ ಮೆಟ್ಟಿಲ ಹೊಂಡಗಳಲ್ಲಿ ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಅಲ್ಲಿಯೂ ಬೇಡ.

ಕುಂದುವಾಡ ಕೆರೆ ದಾವಣಗೆರೆ ನಗರಕ್ಕೆ ಕುಡಿಯುವ ನೀರು ಕೊಡುತ್ತದೆ. ಸೂಳೆಕೆರೆ, ವಾಣಿವಿಲಾಸ ಸಾಗರಗಳ ನೀರನ್ನೂ ಊರೂರು ಕುಡಿಯುತ್ತವೆ. ಅಂಥ ಕಡೆ ಪ್ರಾಣಿ ಇಳಿಸುವುದು ಸರಿಯಲ್ಲ. ಹರಿಹರದಲ್ಲಿ ತುಂಗಭದ್ರೆಯ ಸೆಳವು ಮಳೆಗಾಲದಲ್ಲಿ ನಂಬುವಂಥದ್ದಲ್ಲ. ಬೇಸಿಗೆಯಲ್ಲಿ ಹೊಳೆ ಶಾಂತವಾಗಿ ಕಂಡರೂ ಮರಳು ತೆಗೆದ ಗುಂಡಿಗಳು ಒಳಗಿರುತ್ತವೆ.

ಉಳಿಯುವುದು ಊರಿನ ಸಣ್ಣ, ಮಧ್ಯಮ ಕೆರೆಗಳು. ಕುಡಿಯಲು ಬಳಸದ ಕೆರೆ ಆಗಿರಬೇಕು. ಗ್ರಾಮ ಪಂಚಾಯ್ತಿಯನ್ನು ಕೇಳಿ ಒಪ್ಪಿಗೆ ಪಡೆಯಿರಿ. ಏರಿಯ ಕಡೆಯಿಂದ ಇಳಿಸಬೇಡಿ, ಅಲ್ಲಿ ಆಳ ಒಮ್ಮೆಲೇ ಸಿಗುತ್ತದೆ. ನೀರು ಒಳಬರುವ ಅಂಗಳದ ಕಡೆ ಇಳಿಜಾರು ನಿಧಾನ. ಆದರೆ ಅಲ್ಲೇ ಹೂಳೂ ಜಾಸ್ತಿ, ಆದ್ದರಿಂದ ಗರಸು ಅಥವಾ ಮರಳು ತಳ ಇರುವ ಜಾಗ ಹುಡುಕಿ. ಕುದುರೆಗಿಂತ ಮೊದಲು ಈಜು ಬಲ್ಲ ಇಬ್ಬರು ಉದ್ದ ಗಳ ಹಿಡಿದು ಇಡೀ ಜಾಗ ನಡೆದು, ಈಜಿ ನೋಡಬೇಕು. ಗಳ ಒಂದು ಮೊಳ ಹೂಳಿಗೆ ಇಳಿದರೆ ಬೇರೆ ಜಾಗ ನೋಡಿ. ಜೊಂಡು, ಬಲೆ, ಮುಳುಗಿದ ಜಾಲಿ ಗಿಡ, ಹಳೇ ಬಾವಿ ಇದ್ದರೂ ಬಿಟ್ಟುಬಿಡಿ.

ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಕೆರೆ ಬತ್ತುತ್ತ ಕೆಸರು ಮೇಲೆ ಬರುತ್ತದೆ. ನೀರಿನ ಮೇಲೆ ಬಣ್ಣ ಚೆಲ್ಲಿದ ಹಾಗೆ ಹಸಿರು ಪದರ ಕಟ್ಟಿದ್ದರೆ ಹತ್ತಿರವೂ ಹೋಗಬೇಡಿ. ಕೆಲವು ಪಾಚಿ ವಿಷ.

ಹೆಜ್ಜೆ 3: ಸಾಮಾನು ಮತ್ತು ಜನ

ಕಡಿವಾಣ ಬೇಡ, ಬಾಯಿ ತೆರೆಸಿ ನೀರು ಒಳಗೆ ಬಿಡುತ್ತದೆ. ಚೆನ್ನಾಗಿ ಕೂರುವ ಹಾಲ್ಟರ್ (ಬಾಯಿಗೆ ಕಬ್ಬಿಣ ಇಲ್ಲದ ತಲೆಪಟ್ಟಿ) ಸಾಕು. ತಲೆಯನ್ನು ಕೆಳಗೆ ಹಿಡಿಯುವ ಯಾವ ಪಟ್ಟಿಯೂ ಮೈಮೇಲೆ ಇರಬಾರದು, ಅದರಿಂದ ಕುದುರೆ ಸಾಯುತ್ತದೆ. ಜೀನು ತೆಗೆಯಿರಿ. ಬೆನ್ನ ಮೇಲೆ ಯಾರೂ ಕೂರಬಾರದು.

ಹಗ್ಗ 25 ಅಡಿಯಷ್ಟಿರಲಿ. ನೂಲಿನ ಹಗ್ಗ ನೆನೆದು ಭಾರವಾಗಿ ಮುಳುಗುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ತೇಲುವ ಪ್ಲಾಸ್ಟಿಕ್ ಹಗ್ಗ ಒಳ್ಳೆಯದು. ಅದು ಕೈ ಕೊಯ್ಯುತ್ತದೆ, ಗ್ಲೌಸ್ ಹಾಕಿಕೊಳ್ಳಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ. ಸೊಂಟದಲ್ಲಿ ಹರಿತವಾದ ಚಾಕು ಇರಲಿ.

ಕನಿಷ್ಠ ಮೂವರು ಬೇಕು: ಹಗ್ಗ ಹಿಡಿಯಲು ಒಬ್ಬರು, ಈಜು ಬಲ್ಲ ಸಹಾಯಕ ಒಬ್ಬರು, ದಡದಲ್ಲಿ ಗಡಿಯಾರ ಹಿಡಿದು ಉಸಿರು ಎಣಿಸಲು ಒಬ್ಬರು. ನೀರಿಗಿಳಿಯುವವರಿಗೆ ಲೈಫ್ ಜಾಕೆಟ್ ಕಡ್ಡಾಯ. ಈಜುವ ಕುದುರೆಯ ಮುಂದೆ ಎಂದೂ ಹೋಗಬೇಡಿ. ಹೆದರಿದ ಕುದುರೆ ಕಂಡದ್ದರ ಮೇಲೆ ಹತ್ತಲು ನೋಡುತ್ತದೆ. ಸಾಧ್ಯವಿದ್ದರೆ ಲಾಳ ತೆಗೆಸಿ. ಇಲ್ಲದಿದ್ದರೆ ಮೊಳೆ ಸಡಿಲವಾಗಿಲ್ಲವೇ ಎಂದಾದರೂ ನೋಡಿ.

ಹೆಜ್ಜೆ 4: ಮೊದಲು ನೆಲದ ಮೇಲೆ ಲೆಕ್ಕ

ಒಂದು ವಾರ ಬೆಳಿಗ್ಗೆ ಮೇವು ಹಾಕುವ ಮುಂಚೆ ನಾಡಿ, ಉಸಿರು, ಮೈಶಾಖ ಬರೆದಿಡಿ. ಕೆಳದವಡೆಯ ಒಳಮೈಯಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಸ್ಟೆತೋಸ್ಕೋಪ್ ಇದ್ದರೆ ಎಡ ಮುಂಗಾಲಿನ ಮೊಣಕೈ ಹಿಂದೆ ಇಟ್ಟು ಕೇಳಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಶಾಖ ಗುದದ್ವಾರದಲ್ಲಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ನಿಮ್ಮ ಕುದುರೆಯ ಸಹಜ ಎಷ್ಟು ಎಂದು ಗೊತ್ತಿಲ್ಲದಿದ್ದರೆ ಈಜಿದ ಮೇಲಿನ ಅಂಕಿಗೆ ಅರ್ಥವಿಲ್ಲ. ಈ ಕೆಲಸ ಬೇಸರ ತರುತ್ತದೆ, ಆದರೂ ಬಿಡಬೇಡಿ.

ಹೆಜ್ಜೆ 5: ನೀರಿನ ಪರಿಚಯ

ಮೊದಲ ಕೆಲವು ದಿನ ಈಜೇ ಇಲ್ಲ. ಗೊರಸು ಮುಳುಗುವಷ್ಟು ನೀರಿನಲ್ಲಿ ನಡೆಸಿ, ಹೊರಗೆ ತನ್ನಿ. ಮರುದಿನ ಮೊಣಕಾಲಿನವರೆಗೆ, ಆಮೇಲೆ ಹೊಟ್ಟೆ ಮುಟ್ಟುವವರೆಗೆ. ಹೊಟ್ಟೆಗೆ ತಣ್ಣೀರು ತಾಗಿದಾಗ ಕುದುರೆ ಬೆಚ್ಚುತ್ತದೆ. ಅಲ್ಲಿ ನಿಂತು ಮೈ ಸವರಿ, ಮಾತಾಡಿಸಿ. ನೀರಿಗೆ ಪಳಗಿದ ಇನ್ನೊಂದು ಕುದುರೆ ಮುಂದೆ ಇದ್ದರೆ ಕೆಲಸ ಅರ್ಧ ಸುಲಭ. ಹಿಂದಿನಿಂದ ಬಾರುಕೋಲು ಬೀಸಿ ನೂಕುವವರನ್ನು ದಡದಿಂದ ಕಳಿಸಿಬಿಡಿ. ಹೆದರಿಕೆಯೊಂದೇ ಹೃದಯದ ಬಡಿತವನ್ನು ಎಷ್ಟೋ ಏರಿಸುತ್ತದೆ. ಹಾಗೆ ಇಳಿದ ಕುದುರೆ ಈಜುವ ಮುಂಚೆಯೇ ಅರ್ಧ ಶಕ್ತಿ ಕಳೆದುಕೊಂಡಿರುತ್ತದೆ.

ಎದೆಮಟ್ಟದ ನೀರಿನಲ್ಲಿ ನಡೆಯುವುದೂ ಒಳ್ಳೆಯ ವ್ಯಾಯಾಮವೇ. ಕಾಲಿಗೆ ಸ್ವಲ್ಪ ಭಾರ ಇರುತ್ತದೆ, ಬೆನ್ನು ಬಾಗುವುದಿಲ್ಲ, ಉಸಿರಿಗೂ ಅಷ್ಟು ಕಷ್ಟ ಇಲ್ಲ. ನನ್ನನ್ನು ಕೇಳಿದರೆ ವಯಸ್ಸಾದ ಮೆರವಣಿಗೆ ಕುದುರೆಗೆ ಇಷ್ಟೇ ಸಾಕು, ಮುಂದಿನ ಹೆಜ್ಜೆಯ ಅಗತ್ಯವೇ ಇಲ್ಲ.

ಹೆಜ್ಜೆ 6: ಮೊದಲ ಈಜು

ಕಾಳು ತಿಂದು ಮೂರು ಗಂಟೆಯಾದರೂ ಆಗಿರಬೇಕು. ಕಾಲು ಗಂಟೆ ನಡೆಸಿ ಮೈ ಬೆಚ್ಚಗಾಗಿಸಿ.

ಹಗ್ಗ ಹಿಡಿದವರು ಇಳಿಜಾರಿನಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಲ್ಲಲಿ. ಕುದುರೆ ಅವರ ಸುತ್ತ ಅರ್ಧಚಂದ್ರದಂತೆ ಆಳದ ಕಡೆ ಹೋಗಿ ಮತ್ತೆ ನೆಲ ಸಿಗುವ ಕಡೆ ಬರಬೇಕು. ನಮ್ಮ ಕಡೆಯ ಕುದುರೆಗೆ ಆರು ಅಡಿ ಆಳದ ಹತ್ತಿರ ಕಾಲು ನೆಲ ಬಿಡುತ್ತದೆ. ಹೀಗೆ ಸುತ್ತಿಸಿದರೆ ಸ್ವಲ್ಪ ಈಜು, ಸ್ವಲ್ಪ ನಡಿಗೆ ತಾನಾಗಿ ಆಗುತ್ತದೆ. ಕುದುರೆ ಉಸಿರು ಸರಿಮಾಡಿಕೊಳ್ಳಲು ಜಾಗ ಸಿಗುತ್ತದೆ. ಹಗ್ಗ ಸಡಿಲವಾಗಿರಲಿ, ಆದರೆ ನೀರಿನಲ್ಲಿ ಜೋಲಬಾರದು. ಕೆಳಕ್ಕೆ ಅಥವಾ ಹಿಂದಕ್ಕೆ ಜಗ್ಗಿದರೆ ಮೂಗು ಮುಳುಗುತ್ತದೆ.

ಮೊದಲ ದಿನ ಅರ್ಧ ನಿಮಿಷ ಈಜಿದರೆ ಸಾಕು. ಚೆನ್ನಾಗಿ ಈಜಿತು ಎಂದು ಇನ್ನೊಂದು ಸುತ್ತಿಗೆ ಆಸೆಪಡಬೇಡಿ.

ದಡದಲ್ಲಿರುವವರು ಆ "ಫುರ್ರ್" ಸದ್ದನ್ನು ಎಣಿಸುತ್ತಿರಬೇಕು. ಎರಡು ಮೂರು ಸೆಕೆಂಡಿಗೊಮ್ಮೆ ಒಂದೇ ಲಯದಲ್ಲಿ ಬರುತ್ತಿದ್ದರೆ ಸರಿ. ಲಯ ತಪ್ಪಿ ಸದ್ದುಗಳ ನಡುವಿನ ಅಂತರ ಉದ್ದವಾದರೆ, ಇಲ್ಲವೇ ಗೊರಗೊರ ಸದ್ದು ಬಂದರೆ ಕೂಡಲೇ ದಡಕ್ಕೆ ತನ್ನಿ. ಹಿಂಭಾಗ ಮುಳುಗುತ್ತಾ ಹೋಗುವುದು, ಮೈ ಒಂದು ಕಡೆ ವಾಲುವುದು, ಮೂಗಿನ ಹೊಳ್ಳೆ ನೀರಿಗೆ ತಾಗುವುದು, ಒದೆತ ನಿಧಾನವಾಗುವುದು ಇವೆಲ್ಲ ದಣಿವಿನ ಗುರುತು. ನೆಲದ ಮೇಲೆ ದಣಿದ ಕುದುರೆ ನಿಂತುಬಿಡುತ್ತದೆ, ನೀರಿನಲ್ಲಿ ಅದಕ್ಕೆ ನಿಲ್ಲಲು ಜಾಗವಿಲ್ಲ. ಅದರ ಪರವಾಗಿ ನೀವೇ ನಿಲ್ಲಿಸಬೇಕು.

ಹೆಜ್ಜೆ 7: ದಡಕ್ಕೆ ಬಂದ ಮೇಲೆ

ಮೇಲೆ ಬಂದ ಕೂಡಲೇ ಕುದುರೆ ಜೋರಾಗಿ, ಬೇಗ ಬೇಗ ಉಸಿರಾಡುತ್ತದೆ. ನೀರಿನಲ್ಲಿ ಉಳಿಸಿಕೊಂಡ ಬಾಕಿಯನ್ನು ಈಗ ತೀರಿಸುತ್ತಿದೆ, ಗಾಬರಿ ಬೇಡ. ಕಟ್ಟಿಹಾಕದೆ ನಿಧಾನ ನಡೆಸಿ. ಹತ್ತು ನಿಮಿಷಕ್ಕೆ ನಾಡಿ ನೋಡಿ. 60-64ರ ಒಳಗೆ ಬಂದಿದ್ದರೆ ಆ ದಿನದ ಕೆಲಸ ಮೈಗೆ ಒಗ್ಗಿದೆ. 20 ನಿಮಿಷವಾದರೂ ಇಳಿಯದಿದ್ದರೆ ಅತಿಯಾಗಿದೆ ಎಂದರ್ಥ, ಮುಂದಿನ ಸಲ ಅರ್ಧಕ್ಕೆ ಇಳಿಸಿ.

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆಯುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಅದು ಸುಖ, ಡಿಸೆಂಬರ್ ಬೆಳಗಿನ ಚಳಿಗಾಳಿಗೆ ಅಲ್ಲ. ಆಗ ಬಿಸಿಲೇರಿದ ಮೇಲೆ ಇಳಿಸಿ, ನೀರು ಬಸಿದು ಒಣ ಗೋಣಿಯಿಂದ ಉಜ್ಜಿ. ಕಿವಿ ಒರೆಸಿ. ಗೊರಸಿನ ಅಡಿ ಕೆರೆದು ಒಣಗಿಸಿ, ಸದಾ ಒದ್ದೆ ಇರುವ ಗೊರಸು ಮೆತ್ತಗಾಗುತ್ತದೆ. ತೊಡೆಸಂದಿ, ಹೊಟ್ಟೆಯಡಿ ಜಿಗಣೆ ಹುಡುಕಿ. ಕುಡಿಯಲು ನೀರು ಸ್ವಲ್ಪ ಸ್ವಲ್ಪವಾಗಿ ಕೊಡಿ, ನೀರಿನಲ್ಲಿದ್ದರೂ ಕುದುರೆ ಬೆವರಿರುತ್ತದೆ. ಹುಲ್ಲು ಆಗಬಹುದು. ಹುರುಳಿ, ಬೂಸಾ ಒಂದು ಗಂಟೆ ಬಿಟ್ಟು ಕೊಡಿ.

ಹೆಜ್ಜೆ 8: ವಾರ ವಾರಕ್ಕೆ ಹೆಚ್ಚಿಸುವುದು

ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ದಿನ ಈಜು. ಮೊದಲ ವಾರ ಅರ್ಧ ನಿಮಿಷದ ಒಂದೆರಡು ಸುತ್ತು, ನಡುವೆ ಎರಡು ಮೂರು ನಿಮಿಷ ಬಿಡುವು. ನಾಡಿ ಸರಿಯಾಗಿ ಇಳಿಯುತ್ತಿದ್ದರೆ ವಾರಕ್ಕೊಮ್ಮೆ ಒಂದು ಸುತ್ತು ಸೇರಿಸಿ. ಒಂದೇ ವಾರದಲ್ಲಿ ಸುತ್ತಿನ ಸಂಖ್ಯೆಯನ್ನೂ ಉದ್ದವನ್ನೂ ಹೆಚ್ಚಿಸಬೇಡಿ. ಎರಡು ತಿಂಗಳ ಹೊತ್ತಿಗೆ ಎಲ್ಲ ಸೇರಿ ಐದು ನಿಮಿಷದ ಈಜು ಮುಟ್ಟಿದರೆ ನಮ್ಮ ಕುದುರೆಗಳಿಗೆ ಧಾರಾಳವಾಯಿತು. ಅದೇ ಈಜಿಗೆ ನಾಡಿ ಮೊದಲಿಗಿಂತ ಬೇಗ ಇಳಿಯತೊಡಗಿದರೆ ಹೃದಯ ಪಳಗಿದೆ ಎಂದು ತಿಳಿಯಿರಿ.

ವೈದ್ಯರು ಪೂರ್ತಿ ಬೇಡ ಎಂದಿಲ್ಲದಿದ್ದರೆ ಉಳಿದ ದಿನ ಮೆತ್ತನೆ ಮಣ್ಣಿನ ದಾರಿಯಲ್ಲಿ ನಡಿಗೆ, ಆಮೇಲೆ ನಿಧಾನದ ಓಟ (ಟ್ರಾಟ್) ಇರಲಿ. ಕಾಲುನೋವಿನಿಂದ ಬರೀ ಈಜಿನಲ್ಲೇ ಇದ್ದ ಕುದುರೆಯನ್ನು ರಸ್ತೆಗೆ ತರುವಾಗ ವಾರಗಟ್ಟಲೆ ನಡಿಗೆಯಿಂದಲೇ ಶುರುಮಾಡಿ. ಮದುವೆ ಬುಕಿಂಗ್ ಬಂತೆಂದು ಅವಸರ ಬೇಡ.

ಹೆಜ್ಜೆ 9: ಮುಂದಿನ ಎರಡು ದಿನ ಗಮನ

ಈಜಿದ ಮೇಲೆ ಕೆಲವು ಕುದುರೆಗಳಿಗೆ ಹೊಟ್ಟೆಶೂಲೆ ಬರುತ್ತದೆ. ನೆಲ ಕೆರೆಯುವುದು, ಹೊಟ್ಟೆಯ ಕಡೆ ತಿರುಗಿ ನೋಡುವುದು, ಮಲಗಿ ಹೊರಳುವುದು ಕಂಡರೆ ಮೇವು ನಿಲ್ಲಿಸಿ ವೈದ್ಯರನ್ನು ಕರೆಯಿರಿ. ಮನೆಮದ್ದನ್ನು ಗೊಟ್ಟದಲ್ಲಿ ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುವುದುಂಟು. ಮೂಗಿನಲ್ಲಿ ನೀರು ಹೋಗಿದ್ದ ಕುದುರೆಗೆ ಒಂದೆರಡು ದಿನದಲ್ಲಿ ಜ್ವರ, ಕೆಮ್ಮು, ಮಂಕು ಕಾಣಿಸಿದರೆ ಅದು ನ್ಯುಮೋನಿಯಾ ಇರಬಹುದು. ಅದಕ್ಕೇ ಎರಡು ದಿನ ಬೆಳಿಗ್ಗೆ ಸಂಜೆ ಮೈಶಾಖ ನೋಡಿ. ಮೂಗಿನಲ್ಲಿ ರಕ್ತ ಕಂಡರೆ ಅಲ್ಲಿಗೆ ಈಜು ಮುಗಿಯಿತು.

ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾಲಯದ ಸಹಾಯವಾಣಿ 1962. ಫೋನ್ ಮಾಡುವಾಗ ಎಷ್ಟು ಹೊತ್ತು ಈಜಿತು, ದಡಕ್ಕೆ ಬಂದಾಗ ನಾಡಿ ಎಷ್ಟಿತ್ತು, ಈಗ ಎಷ್ಟಿದೆ, ಕೊನೆಯ ಸಲ ಏನು ತಿಂದಿತು, ಲದ್ದಿ ಯಾವಾಗ ಹಾಕಿತು, ಇಷ್ಟನ್ನು ಬರೆದ ಚೀಟಿ ಕೈಯಲ್ಲಿರಲಿ.